ಫೋಟೋ ಸುಳ್ಳು, ನೀರು?

ಆಶ್ರಮಕ್ಕೆಲ್ಲ ಇದ್ದದ್ದು ಒಂದೇ ಫೋನು. ಅದು ಪಂಪಣ್ಣನ ಬಳಿ ಇರುತ್ತಿತ್ತು.

ಭಕ್ತರು ಫೋನು ಮಾಡುತ್ತಾರೆ, ಯಾರಾದರೂ ಎತ್ತಬೇಕು. ಆ ಕೆಲಸ ಓದಿದವನ ಪಾಲಿಗೆ ಬಂತು. ಪಂಪಣ್ಣ ಡಿಗ್ರಿ ಮುಗಿಸಿ, ಒಂದೆರಡು ಕಡೆ ಕೆಲಸಕ್ಕೆ ಸೇರಿ, ಎಲ್ಲಿಯೂ ಮನಸ್ಸು ನಿಲ್ಲದೆ ಹೊಳೆಯ ದಂಡೆಯ ಈ ಆಶ್ರಮಕ್ಕೆ ಬಂದವನು. ನಿರುಪಾಧಿ ಅಜ್ಜನವರ ಶಿಷ್ಯನಾಗಿ ವರ್ಷ ಕಳೆದಿತ್ತು. ಮನಸ್ಸು ಇಲ್ಲಿಯೂ ನಿಂತಿರಲಿಲ್ಲ.

ಬೆಳಗಿನ ಧ್ಯಾನಕ್ಕೆ ಕೂತರೆ ಜೇಬಿನಲ್ಲಿ ಫೋನು ನಡುಗುತ್ತಿತ್ತು. ಅವನ ಕೈ ತಾನಾಗಿಯೇ ಅತ್ತ ಹೋಗುತ್ತಿತ್ತು.

"ಏನಂತೈತಿ?" ಅಜ್ಜ ಕಣ್ಣು ತೆರೆಯದೆ ಕೇಳುತ್ತಿದ್ದರು.

"ಏನಿಲ್ಲ, ಅಜ್ಜಾರ."

"ಏನಿಲ್ಲ ಅಂತ ಹೇಳಾಕ ಅಷ್ಟು ನಡುಗತೈತೇನು?"

ಪಂಪಣ್ಣ ಕೈ ಹಿಂದಕ್ಕೆ ತರುತ್ತಿದ್ದ. ಕಿವಿ ಮಾತ್ರ ಜೇಬಿನಲ್ಲೇ ಉಳಿಯುತ್ತಿತ್ತು.

ಬೇಸಿಗೆ ಬೆಳೆಯ ಕೊಯ್ಲು ಮುಗಿದು ಗದ್ದೆಗಳೆಲ್ಲ ಖಾಲಿಯಾದ ಹೊತ್ತು. ಒಂದು ಬೆಳಿಗ್ಗೆ ಫೋನು ಬಿಡುವಿಲ್ಲದೆ ನಡುಗಿತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ. ಜೊತೆಗೊಂದು ವಿಡಿಯೋ. ಯಾವುದೋ ಬೀದಿ, ಅಳುವ ಕೂಸು, ಅದನ್ನು ಎಳೆದು ಕಾರಿಗೆ ಹಾಕಿಕೊಳ್ಳುವ ಒಬ್ಬ ಹೆಂಗಸು.

ಅದರ ಹಿಂದೆಯೇ ಇನ್ನೊಂದು ಸುದ್ದಿ ಬಂತು. ಊರವರು ಹಿಟ್ಟಿನ ಗಿರಣಿಯ ಬಳಿ ಒಬ್ಬ ಹೆಂಗಸನ್ನೂ ಗಂಡಸನ್ನೂ ಹಿಡಿದು ನಿಲ್ಲಿಸಿದ್ದಾರೆ.

ಪಂಪಣ್ಣ ಎದ್ದು ಅಜ್ಜನ ಬಳಿ ಓಡಿದ. ಅಜ್ಜ ಬೇವಿನ ಕಟ್ಟೆಯ ಮೇಲೆ ಕೂತು ಸೊಪ್ಪು ಸೋಸುತ್ತಿದ್ದರು.

"ಅಜ್ಜಾರ, ಊರಾಗ ಮಕ್ಕಳ ಕಳ್ಳರು ಸಿಕ್ಕಾರಂತ. ಹೊಡಿಯಾಕ ನಿಂತಾರ."

"ಅವರ ಹೆಸರೇನು?"

"ಹೆಸರು ಯಾರಿಗೆ ಗೊತ್ತು?"

"ಕೇಳ್ಕೊಂಡು ಬಾ."

"ಅಜ್ಜಾರ, ಅಲ್ಲಿ ಬಡಿಗಿ ಹಿಡಕೊಂಡು ನಿಂತಾರ. ಹೆಸರು ಕೇಳೂ ಹೊತ್ತೇನು?"

"ಬಡಿಗಿ ಇಳಿಯೂದರಾಗ ಕೇಳು."

ಪಂಪಣ್ಣ ಓಡಿದ.

ಗಿರಣಿಯ ಮುಂದೆ ಜನ ಕಿಕ್ಕಿರಿದಿತ್ತು. ನಡುವೆ ಒಬ್ಬ ತೆಳ್ಳನೆಯ ಗಂಡಸು, ಅವನ ಬೆನ್ನಿಗೆ ಅಂಟಿಕೊಂಡು ಒಬ್ಬ ಹೆಂಗಸು, ಅವಳ ಸೊಂಟದ ಮೇಲೊಂದು ಕೂಸು. ಗಿರಣಿಯ ಶರಣಪ್ಪ ಕೂಸಿನ ಕೈ ಹಿಡಿದು ಎಳೆಯುತ್ತಿದ್ದ. ಕೂಸು ಕಿರುಚುತ್ತಿತ್ತು.

"ನಿನ್ನ ಹೆಸರೇನವ್ವ?" ಪಂಪಣ್ಣ ಜನರ ತಲೆಯ ಮೇಲಿಂದ ಕೂಗಿ ಕೇಳಿದ.

ಜನ ಅವನ ಕಡೆ ತಿರುಗಿದರು. ಅದನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ.

"ನರಸಮ್ಮ," ಅಂದಳು ಅವಳು. "ನನ್ನ ಗಂಡ, ಯಲ್ಲಮಂದ. ನಾವು ಬಾತುಕೋಳಿ ಮೇಸೋರು, ಸ್ವಾಮಿ. ಆಂಧ್ರದವರು. ಇದು ನನ್ನ ಮಗು."

ಪಂಪಣ್ಣ ಜನರ ನಡುವೆ ನುಗ್ಗಿ ಹೋಗಿ ಫೋನು ಎತ್ತಿ ಹಿಡಿದ. ವಿಡಿಯೋ ನಿಲ್ಲಿಸಿ, ದೊಡ್ಡದು ಮಾಡಿ, ಶರಣಪ್ಪನ ಮುಖದ ಮುಂದೆ ತಂದ.

"ಈ ಕಾರು ನೋಡ್ರಿ. ಸ್ಟಿಯರಿಂಗ್ ಯಾವ ಕಡೆ ಐತಿ?"

ಶರಣಪ್ಪ ಕಣ್ಣು ಕಿರಿದು ಮಾಡಿ ನೋಡಿದ. "ಎಡಕ್ಕ."

"ನಮ್ಮ ದೇಶದಾಗ ಎಡಕ್ಕ ಇರತೈತೇನ್ರಿ? ಹಿಂದಿನ ಅಂಗಡಿ ಬೋರ್ಡು ನೋಡ್ರಿ, ಅದು ಯಾವ ಭಾಷಾ? ಯಾವ ದೇಶದ್ದೋ ವಿಡಿಯೋ ನೋಡಿ ನೀವು ಯಾರನ್ನ ಬಡಿಯಾಕ ಹೊಂಟೀರಿ?"

ಫೋನು ಕೈಯಿಂದ ಕೈಗೆ ಹೋಯಿತು. ಬಡಿಗೆಗಳು ಒಂದೊಂದಾಗಿ ಕೆಳಗಿಳಿದವು. ಶರಣಪ್ಪ ಕೂಸಿನ ಕೈ ಬಿಟ್ಟ.

ಆದರೂ ಊರವರ ಮನಸ್ಸು ಪೂರ್ತಿ ತಿಳಿಯಾಗಲಿಲ್ಲ. "ಊರ ಹತ್ತಿರ ಮಾತ್ರ ಬ್ಯಾಡ," ಅಂದರು. ಪಂಪಣ್ಣನೇ ಅವರಿಗೊಂದು ಜಾಗ ತೋರಿಸಿದ. ಆಶ್ರಮದ ಎದುರಿಗೆ ಹೊಳೆಯ ನಡುಗಡ್ಡೆ. ನೀರು ಪಾದ ಮುಳುಗುವಷ್ಟು. ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಬಹುದು. ಯಲ್ಲಮಂದ ಅಲ್ಲಿ ತಾಡಪಾಲಿನ ಗುಡಿಸಲು ಹಾಕಿದ. ಹಿಂಡಿನ ಬಳಿ ಬಿಟ್ಟು ಬಂದಿದ್ದ ತಾಯಿಯನ್ನೂ ದೊಡ್ಡ ಮಗಳನ್ನೂ ಕರೆತಂದ. ಬಾತುಕೋಳಿಗಳ ಹಿಂಡು ಹೊಳೆಯ ತುಂಬ ಗದ್ದಲ ಎಬ್ಬಿಸಿತು.

"ಸ್ವಾಮಿ, ಇನ್ನು ನೀವು ಹೇಳಿದ್ದೇ ನಮಗೆ," ಅಂದ ಯಲ್ಲಮಂದ.

ಪಂಪಣ್ಣನಿಗೆ ಆ ಮಾತು ಎದೆಯಲ್ಲಿ ಬೆಚ್ಚಗೆ ಕೂತಿತು.

ಸುದ್ದಿ ಹಬ್ಬಿತು. ಜನ ಫೋನು ಹಿಡಿದುಕೊಂಡು ಆಶ್ರಮಕ್ಕೆ ಬರತೊಡಗಿದರು. ಊಟದ ಮನೆಯ ಪಡಸಾಲೆಯಲ್ಲಿ ಪಂಪಣ್ಣ ಅವರಿಗೆ ಪಾಠ ಮಾಡತೊಡಗಿದ. ಇದನ್ನು ನಿನಗೆ ಕಳಿಸಿದವರು ಯಾರು? ಅವರಿಗೆ ಕಳಿಸಿದವರು ಯಾರು? ಫೋಟೋ ಯಾವಾಗಿನದು? ಇದನ್ನು ನಂಬಿದರೆ ಯಾರಿಗೆ ಲಾಭ?

ಒಳ್ಳೆಯ ಪಾಠವೇ. ಮಕ್ಕಳು ಕೂಡ ಕಲಿತರು.

ಆದರೆ ಅವನ ಚಡಪಡಿಕೆ ಹೆಚ್ಚಿತು. ಊಟದ ನಡುವೆ ಫೋನು, ಸ್ನಾನಕ್ಕೆ ಹೋಗುವಾಗ ಫೋನು. ಪ್ರತಿ ಸುದ್ದಿಯೂ ಅವನಿಗೆ ಹಿಡಿಯಬೇಕಾದ ಕಳ್ಳನಂತೆ ಕಾಣುತ್ತಿತ್ತು. ಹಿಡಿದೊಡನೆ, ಪಾಠಕ್ಕೆ ಬಂದವರನ್ನೆಲ್ಲ ಸೇರಿಸಿ ಫೋನಿನಲ್ಲಿ ಕಟ್ಟಿದ್ದ ವಾಟ್ಸಾಪ್ ಗುಂಪಿಗೆ ಒಂದೇ ಪದ ಬರೆದು ಹಾಕುತ್ತಿದ್ದ: ಸುಳ್ಳು. ಬರೆದು ಹಾಕಿದ ಮೇಲೆ ಒಂದಿಷ್ಟು ಹೊತ್ತು ಸಮಾಧಾನ. ಆಮೇಲೆ ಮತ್ತೆ ಕೈ ಜೇಬಿಗೆ.

ಒಂದು ದಿನ ಶರಣಪ್ಪ ಪೇಢೆಯ ಪೊಟ್ಟಣ ಹಿಡಿದು ಬಂದ.

"ಅಜ್ಜಾರ, ನನ್ನ ಮೊಮ್ಮಗಳು ಓಟದಾಗ ಜಿಲ್ಲೆಗೇ ಮೊದಲು ಬಂದಾಳ್ರಿ. ಫೋಟೋ ಬಂದೈತಿ ನೋಡ್ರಿ."

ಅಜ್ಜ ಕನ್ನಡಕ ಹುಡುಕುವಷ್ಟರಲ್ಲಿ ಪಂಪಣ್ಣ ಫೋನು ತೆಗೆದುಕೊಂಡು ಫೋಟೋ ಹಿಗ್ಗಿಸಿ ನೋಡಿದ.

"ಹುಡುಗಿ ಕೈಯಾಗಿನ ಬಹುಮಾನದ ಕಪ್ಪಿನ ಅಂಚು ನೋಡ್ರಿ, ಮಸುಕಾಗೈತಿ. ತಂದು ಹಚ್ಚಿದಂಗ ಕಾಣತೈತಿ. ಈಗೆಲ್ಲ ಹಂಗ ಮಾಡತಾರ."

ಶರಣಪ್ಪನ ಮುಖ ಇಳಿಯಿತು. ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟ.

"ಶರಣಪ್ಪ," ಅಂದರು ಅಜ್ಜ, "ಆ ಹುಡುಗಿನ್ನ ಕರ್ಕೊಂಡು ಬಾ."

ಮರುದಿನ ಹುಡುಗಿ ಬಂದಳು. ಅಜ್ಜ ಅವಳಿಗೆ ಆಶ್ರಮದ ಅಂಗಳ ತೋರಿಸಿ, "ಓಡು ನೋಡೋಣ," ಅಂದರು. ಅವಳು ಲಂಗ ಎತ್ತಿ ಕಟ್ಟಿ ಓಡಿದಳು. ಬೇವಿನ ಮರ ಸುತ್ತಿ, ಗೋಶಾಲೆ ಸುತ್ತಿ, ಧೂಳೆಬ್ಬಿಸಿ ಬಂದು ನಿಂತಳು. ಅಜ್ಜ ಮಗುವಿನಂತೆ ಚಪ್ಪಾಳೆ ತಟ್ಟಿದರು.

"ನೋಡಿದ್ಯಾ?" ಅಂದರು ಪಂಪಣ್ಣನ ಕಡೆ ತಿರುಗಿ.

"ನೋಡಿದೆ, ಅಜ್ಜಾರ. ಚಲೋ ಓಡತಾಳ. ಆದ್ರ ಜಿಲ್ಲೆಗೆ ಮೊದಲು ಬಂದಾಳ ಅನ್ನಾಕ ಇದು ಸಾಕ್ಷಿ ಅಲ್ಲ."

ಅಜ್ಜ ನಕ್ಕರು. "ಹೌದು, ಅಲ್ಲ."

ಅಷ್ಟೇ ಅಂದು ಪೇಢೆ ತಿಂದರು. ಪಂಪಣ್ಣನಿಗೆ ಅಂದೆಲ್ಲ ಆ ನಗು ಚುಚ್ಚುತ್ತಿತ್ತು. ತಾನು ಹೇಳಿದ್ದರಲ್ಲಿ ತಪ್ಪೇನಿತ್ತು?

ಮಳೆಗಾಲ ಬಂತು. ಇಲ್ಲಿ ಮಳೆಯಿಲ್ಲ. ಆಕಾಶ ಬೋಳಾಗಿ ಸುಡುತ್ತಿತ್ತು. ಹೊಳೆ ಕಲ್ಲುಗಳ ನಡುವೆ ತೆಳ್ಳಗೆ ಹರಿಯುತ್ತಿತ್ತು. ಗಾಳಿ ಮಾತ್ರ ನೆಟ್ಟಗಿರಲಿಲ್ಲ. ಒಮ್ಮೆ ಅತ್ತ, ಒಮ್ಮೆ ಇತ್ತ. ಗೋಶಾಲೆಯ ದನಗಳು ಹಗ್ಗ ಜಗ್ಗುತ್ತಿದ್ದವು.

ಒಂದು ಮುಂಜಾನೆ ಫೋನು ನಡುಗಿತು.

ಮೇಲಿನ ಅಣೆಕಟ್ಟಿನ ಗೇಟುಗಳನ್ನೆಲ್ಲ ತೆರೆದಿದ್ದಾರೆ. ಹೊಳೆಗೆ ನೀರು ಬರುತ್ತದೆ. ಎಲ್ಲರಿಗೂ ಕಳಿಸಿ.

ಕೆಳಗೊಂದು ಫೋಟೋ. ಅಣೆಕಟ್ಟಿನಿಂದ ಬಿಳಿ ನೊರೆಯಾಗಿ ಧುಮುಕುವ ನೀರು.

ಪಂಪಣ್ಣ ಆ ಫೋಟೋವನ್ನು ಅಂತರ್ಜಾಲದಲ್ಲಿ ಹುಡುಕಿದ. ಕೂಡಲೇ ಸಿಕ್ಕಿಬಿಟ್ಟಿತು. ಅದು ಈ ಅಣೆಕಟ್ಟೇ ಅಲ್ಲ. ಬೇರೆ ರಾಜ್ಯದ್ದು. ಎಷ್ಟೋ ವರ್ಷದ ಹಿಂದಿನದು. ಅವನ ಬೆರಳಿಗೆ ಜೀವ ಬಂತು. ಹಳೆಯ ಫೋಟೋವನ್ನೂ ಅದರ ಊರಿನ ಹೆಸರನ್ನೂ ಗುಂಪಿಗೆ ಹಾಕಿದ. ಮೇಲೆ ಬರೆದ: ಸುಳ್ಳು.

ಹೊಗಳಿಕೆಗಳು ಬಂದವು. ಕೈ ಮುಗಿಯುವ ಚಿತ್ರಗಳು ಬಂದವು.

ಆ ಹೊತ್ತಿಗೇ ಯಲ್ಲಮಂದನ ಫೋನು.

"ಸ್ವಾಮಿ, ನೀರು ಬರ್ತದೆ ಅಂತ ಯಾರೋ ಕಳಿಸಿದಾರೆ. ನಾವು ಗಡ್ಡೆ ಬಿಟ್ಟು ಈಚೆ ಬರೋದಾ?"

"ಬ್ಯಾಡ. ಸುಳ್ಳು ಐತಿ. ಹಳೇ ಫೋಟೋ."

"ಸರಿ, ಸ್ವಾಮಿ. ಹೆದರಿಬಿಟ್ಟಿದ್ದೆ." ಅವನ ಉಸಿರು ಸಡಿಲಾದದ್ದು ಫೋನಿನಲ್ಲಿ ಕೇಳಿಸಿತು.

ಪಂಪಣ್ಣ ಅಜ್ಜನ ಬಳಿ ಬಂದು ನಡೆದದ್ದನ್ನು ಹೇಳಿದ. ಹೇಳುವಾಗ ನಿಂತಲ್ಲಿ ನಿಲ್ಲಲಾಗಲಿಲ್ಲ. ಹೇಗೆ ಹುಡುಕಿದೆ, ಎಷ್ಟು ಬೇಗ ಹಿಡಿದೆ, ಎಲ್ಲ ಹೇಳಿದ.

ಅಜ್ಜ ಪೂರ್ತಿ ಕೇಳಿದರು.

"ಫೋಟೋ ಸುಳ್ಳು," ಅಂದರು. "ನೀರು?"

"ಅಜ್ಜಾರ, ಫೋಟೋನ ಸುಳ್ಳು ಅಂದಮ್ಯಾಲೆ..."

"ಫೋಟೋ ಸುಳ್ಳು. ನೀರು?"

"ನಿಜ ಇದ್ದಿದ್ರ ಡಂಗುರ ಸಾರತಿದ್ರು. ಟಿವಿಯಾಗ ಬರತಿತ್ತು."

ಅಜ್ಜ ಕೋಲು ಹಿಡಿದು ಎದ್ದರು. ಹೊಳೆಯ ಕಡೆ ನಡೆದರು. ಪಂಪಣ್ಣ ಒಳಗೇ ಸಿಡುಕುತ್ತ ಹಿಂದೆ ಹೋದ.

ಮೆಟ್ಟಿಲುಗಳ ಕೊನೆಯಲ್ಲಿ ಅಜ್ಜ ಕೂತರು. ಪಂಪಣ್ಣನೂ ಕೂತ. ಕೂತವನು ಎದ್ದ. ಎದ್ದವನು ಮತ್ತೆ ಕೂತ.

"ಅಜ್ಜಾರ, ಏನು ನೋಡಾಕ ಹತ್ತೀರಿ?"

"ನೀ ಏನು ನೋಡಾಕ ಹತ್ತೀ?"

ಪಂಪಣ್ಣ ಫೋನಿನಿಂದ ತಲೆಯೆತ್ತಿದ. ನೀರು ನಿನ್ನೆಯಂತೆಯೇ ಇತ್ತು. ಅಲ್ಲ. ನಿನ್ನೆ ತಳದ ಮರಳು ಕಾಣುತ್ತಿತ್ತು. ಈಗ ಕಾಣುತ್ತಿಲ್ಲ. ನೀರು ಕೆಂಪಗೆ ಕದಡಿದೆ. ಒಣ ಕಡ್ಡಿಗಳು, ಎಲ್ಲಿಯದೋ ನೊರೆ, ಹಸಿ ಬೇರಿನ ಒಂದು ಗಿಡ ತಿರುತಿರುಗಿ ಹೋಗುತ್ತಿದೆ. ಇಲ್ಲಿ ಹನಿ ಮಳೆ ಬಿದ್ದಿಲ್ಲ.

"ಮ್ಯಾಲಿನ ಊರಾಗ ನಿನಗ ಯಾರು ಗೊತ್ತು?" ಅಜ್ಜ ಕೇಳಿದರು.

ಪಂಪಣ್ಣನ ಗುಂಪಿನಲ್ಲಿ ಊರೂರಿನ ಜನ ಇದ್ದರು. ಅವರಲ್ಲಿ ಫೋನು ಮಾಡಿ ಹೊಳೆ ಹೇಗಿದೆ ಎಂದು ಕೇಳಬಹುದಾದವರು ಒಬ್ಬರೂ ಅವನಿಗೆ ಗೊತ್ತಿರಲಿಲ್ಲ.

"ತೆಪ್ಪ ನಡಸೂ ಗಿಡ್ಡಪ್ಪಗ ಮಾಡು," ಅಂದು ಅಜ್ಜ ತಮಗೆ ನೆನಪಿದ್ದ ನಂಬರು ಹೇಳಿದರು.

ಗಿಡ್ಡಪ್ಪ ಎತ್ತಿದ. ಅವನ ದನಿಯ ಹಿಂದೆ ಏನೋ ಭೋರ್ಗರೆಯುತ್ತಿತ್ತು.

"ನೀರಾ? ಏನ್ ಕೇಳತೀಯೋ ತಮ್ಮಾ! ತೆಪ್ಪ ಎತ್ತಿ ಮರಕ್ಕ ಕಟ್ಟೀನಿ. ನಮ್ಮ ಕಿರಾಣಿ ಅಂಗಡಿಯಾಂವ ಎಲ್ಲಾರಿಗೂ ಮೆಸೇಜು ಹಾಕ್ಯಾನಲ್ಲ, ಬಂದಿಲ್ಲೇನು?"

"ಬಂತು. ಆದ್ರ ಅದರಾಗಿನ ಫೋಟೋ..."

"ಫೋಟೋ ಯಾವುದೋ ಹಾಕಿರಬೇಕು. ಬರೇ ಬರದ್ರ ಯಾರೂ ಓದೂದಿಲ್ಲಂತ. ಫೋಟೋ ಬಿಡು, ನಿಮ್ಮ ಕಡೆ ಹೊಳಿಯಾಗ ಯಾರಾದ್ರೂ ಅದಾರೇನು?"

ಪಂಪಣ್ಣ ನಡುಗಡ್ಡೆಯ ಕಡೆ ನೋಡಿದ.

ಯಲ್ಲಮಂದನಿಗೆ ಫೋನು ಹಚ್ಚಿದ. ಬಂದ್ ಆಗಿತ್ತು. ಮತ್ತೆ ಹಚ್ಚಿದ. ಬಂದ್.

"ಅಜ್ಜಾರ!"

ಅಜ್ಜ ಆಗಲೇ ಬಾವಿಯ ಹಗ್ಗ ಬಿಚ್ಚುತ್ತಿದ್ದರು.

ದಾಟುವ ಕಲ್ಲುಗಳ ತಲೆ ಕಾಣುತ್ತಿರಲಿಲ್ಲ. ಪಾದ ಮುಳುಗುತ್ತಿದ್ದ ನೀರು ಮೊಣಕಾಲಿಗೆ ಬಂದಿತ್ತು. ಹಗ್ಗದ ಒಂದು ತುದಿಯನ್ನು ದಂಡೆಯ ಹೊಂಗೆ ಮರಕ್ಕೆ ಕಟ್ಟಿ, ಇನ್ನೊಂದನ್ನು ಸೊಂಟಕ್ಕೆ ಸುತ್ತಿಕೊಂಡು, ಫೋನನ್ನು ಅಜ್ಜನ ಕೈಗಿಟ್ಟು ಪಂಪಣ್ಣ ಇಳಿದ. ನೀರು ಪಕ್ಕಕ್ಕೆ ತಳ್ಳಿತು. ಚಪ್ಪಲಿ ಕಳಚಿಕೊಂಡು ಹೋದವು. ಕಾಲಿಗೆ ಕಲ್ಲು ಸಿಕ್ಕಿತು, ಜಾರಿತು, ಮತ್ತೆ ಸಿಕ್ಕಿತು.

ನಡುಗಡ್ಡೆಯಲ್ಲಿ ನರಸಮ್ಮ ಒಲೆಯ ಮುಂದೆ ಕೂತು ಅನ್ನ ಬಸಿಯುತ್ತಿದ್ದಳು. ಮುದುಕಿ ಅತ್ತೆ ಗುಡಿಸಲ ನೆರಳಲ್ಲಿ ಮಲಗಿದ್ದಳು. ಯಲ್ಲಮಂದ ಗಡ್ಡೆಯ ಆ ತುದಿಯಲ್ಲಿ ಬಾತುಕೋಳಿಗಳ ಹಿಂದೆ ಇದ್ದ.

"ನರಸಮ್ಮಾ, ಏಳು! ನೀರು ಬರಾಕ ಹತ್ತೈತಿ. ಮಕ್ಕಳನ್ನ ಎತ್ತಿಕೋ!"

ಅವಳು ಏಳಲಿಲ್ಲ. ಅವನ ಒದ್ದೆ ಬಟ್ಟೆಯನ್ನೂ ಮುಖವನ್ನೂ ನೋಡಿದಳು.

"ಬೆಳಿಗ್ಗೆ ನೀವೇ ಸುಳ್ಳು ಅಂದ್ರಿ, ಸ್ವಾಮಿ. ಈಗ ನೀವೇ ನಿಜ ಅಂತೀರಿ. ನಾನು ಯಾವುದು ನಂಬಲಿ?"

ಪಂಪಣ್ಣನೇ ಜನರಿಗೆಲ್ಲ ಹೇಳಿಕೊಟ್ಟ ಪ್ರಶ್ನೆ ಅದು. ಅವಳು ಸರಿಯಾಗಿಯೇ ಕೇಳಿದ್ದಳು.

"ನನ್ನ ನಂಬಬ್ಯಾಡವ್ವ," ಅಂದ. "ಬಾ. ನೀರು ನೋಡು."

ಅವಳು ನೀರಿನ ಅಂಚಿಗೆ ಬಂದಳು. ಬೆಳಿಗ್ಗೆ ಪಾತ್ರೆ ತಿಕ್ಕಿದ ಬಂಡೆ ಇದ್ದ ಕಡೆ ನೋಡಿದಳು. ಅಲ್ಲೊಂದು ಸುಳಿ ಇತ್ತು.

ಅವಳು ಓಡಿದಳು. ಕೂಸನ್ನು ಸೆರಗಿನಲ್ಲಿ ಬಿಗಿದು ಕಟ್ಟಿ, ದೊಡ್ಡವಳ ಕೈ ಹಿಡಿದು, ಗಂಡನನ್ನು ತೆಲುಗಿನಲ್ಲಿ ಕೂಗಿ ಕರೆಯುತ್ತ ಓಡಿದಳು.

ಪಂಪಣ್ಣ ಸೊಂಟದ ಹಗ್ಗ ಬಿಚ್ಚಿ ನಡುಗಡ್ಡೆಯ ಬಂಡೆಯೊಂದಕ್ಕೆ ಬಿಗಿದು, ಮುದುಕಿಯನ್ನು ಬೆನ್ನ ಮೇಲೆ ಹೊತ್ತುಕೊಂಡ. ನೀರು ತೊಡೆಗೆ ಬಂದಿತ್ತು. ಎದುರು ದಂಡೆಯಲ್ಲಿ ಹಗ್ಗ ಹಿಡಿದು ಅಜ್ಜ ಒಬ್ಬರೇ ಇರಲಿಲ್ಲ. ಶರಣಪ್ಪ ಇದ್ದ. ಅಂದು ಬಡಿಗೆ ಹಿಡಿದಿದ್ದವರು ಇದ್ದರು. ಯಾರು ಕೂಗಿ ಕರೆದರೋ ಪಂಪಣ್ಣನಿಗೆ ತಿಳಿಯದು. ಶರಣಪ್ಪ ಸೊಂಟಮಟ್ಟದ ನೀರಿಗೆ ಇಳಿದು ನರಸಮ್ಮನ ಸೆರಗಿನ ಕೂಸನ್ನು ಎತ್ತಿ ದಂಡೆಗೆ ಕೊಟ್ಟ. ಆಮೇಲೆ ದೊಡ್ಡವಳನ್ನು.

ಯಲ್ಲಮಂದ ಬರಲಿಲ್ಲ. ಹಿಂಡನ್ನು ಒಟ್ಟುಗೂಡಿಸಲು ನೋಡುತ್ತಿದ್ದ. ಕೋಲು ಬೀಸಿ ಬಾಯಲ್ಲಿ ಸದ್ದು ಮಾಡಿ ಕರೆದ. ಬಾತುಕೋಳಿಗಳು ಅಭ್ಯಾಸದಂತೆ ನೀರಿಗೆ ಇಳಿದವು. ಈ ನೀರು ಅವುಗಳ ನೀರಾಗಿರಲಿಲ್ಲ. ಹಿಂಡು ಒಂದು ಬಟ್ಟೆಯ ಹಾಗೆ ಹರಡಿಕೊಂಡು, ಮಡಚಿಕೊಂಡು, ಕೂಗುತ್ತ ಕೆಳಕ್ಕೆ ಹೋಯಿತು.

"ಯಲ್ಲಮಂದಾ, ಬಿಡೋ! ಬಾರೋ!"

ಅವನು ಹಗ್ಗ ಹಿಡಿದು ಬಂದ. ದಂಡೆ ಹತ್ತುವ ತನಕ ಹಿಂದಕ್ಕೇ ನೋಡುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ನಡುಗಡ್ಡೆ ಇರಲಿಲ್ಲ. ಊರಿನಲ್ಲಿ ಆಗ ಡಂಗುರದ ಸದ್ದು ಕೇಳಿಸಿತು. ಹೊಳೆಯ ಕಡೆ ಯಾರೂ ಹೋಗಬಾರದಂತೆ.

ಊಟದ ಮನೆಯ ಪಡಸಾಲೆಯಲ್ಲಿ ಯಲ್ಲಮಂದ ಗೋಡೆಗೆ ಒರಗಿ ಕೂತಿದ್ದ. ನರಸಮ್ಮ ಮಕ್ಕಳಿಗೆ ಅನ್ನ ಉಣ್ಣಿಸುತ್ತಿದ್ದಳು. ಪಂಪಣ್ಣ ಎದುರಿಗೆ ಬಂದು ನಿಂತ. ಅವಳು ತಲೆ ಎತ್ತಲಿಲ್ಲ. ಒಂದು ಬೈಗುಳ ಬಂದಿದ್ದರೂ ಅವನಿಗೆ ನಿಲ್ಲಲು ಜಾಗ ಸಿಗುತ್ತಿತ್ತು.

ಅವನು ಅಜ್ಜನ ಬಳಿ ಹೋದ.

"ಅಜ್ಜಾರ, ಇನ್ನ ಮ್ಯಾಲೆ ಯಾವುದನ್ನೂ ಸುಳ್ಳು ಅನ್ನೂದಿಲ್ಲ ನಾನು."

"ಅಂದ್ರ ನರಸಮ್ಮ ಮಕ್ಕಳ ಕಳ್ಳಿ?"

ಪಂಪಣ್ಣ ಅಜ್ಜನ ಪಕ್ಕದಲ್ಲಿದ್ದ ಫೋನು ಎತ್ತಿಕೊಂಡ.

"ಹಂಗಾದ್ರ ಈ ಫೋನು ಬ್ಯಾಡ. ಹೊಳಿಗೆ ಒಗದು ಬರತೀನಿ."

"ಒಗಿ," ಅಂದರು ಅಜ್ಜ. "ಕೆಳಗಿನ ಊರಿನವರಿಗೆ ಮೊದಲು ಹೇಳಿ, ಆಮ್ಯಾಲೆ ಒಗಿ."

ಪಂಪಣ್ಣ ಬೆಚ್ಚಿಬಿದ್ದ. ನೀರು ಇಲ್ಲಿ ನಿಲ್ಲುವುದಿಲ್ಲ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ.

ಮೆಟ್ಟಿಲಿಗೆ ಓಡಿದ. ಮೊದಲು ಗುಂಪಿಗೆ ಬರೆದ: ಬೆಳಿಗ್ಗೆ ನಾನು ಹೇಳಿದ್ದು ತಪ್ಪು. ನೀರು ಬಂದಿದೆ. ಆಮೇಲೆ ಒಬ್ಬೊಬ್ಬರ ನಂಬರು ಹುಡುಕಿ ಕೆಳಗಿನ ಊರುಗಳಿಗೆ ಫೋನು ಮಾಡತೊಡಗಿದ.

"ಫೋಟೋ ಐತೇನು?" ಎಂದು ಕೇಳಿದರು ಒಬ್ಬರು. "ಮುಂಜಾನೆ ಸುಳ್ಳು ಅಂತ ಬಂದಿತ್ತಲ್ಲ?"

"ಹಂಗ ಬರದಾಂವ ನಾನ," ಅಂದ ಪಂಪಣ್ಣ. "ಈಗ ಹೊಳಿ ದಂಡಿ ಮ್ಯಾಲೆ ನಿಂತು ಮಾತಾಡಾಕ ಹತ್ತೀನಿ. ನಮ್ಮ ಮೆಟ್ಟಿಲು ಮುಳುಗ್ಯಾವ. ನನ್ನ ಮಾತು ಬಿಡ್ರಿ, ನಿಮ್ಮ ಊರ ಹೊಳಿಗೆ ಯಾರನ್ನಾದ್ರೂ ಕಳಸಿ ನೋಡ್ರಿ. ಬಣ್ಣ ಬದಲಾಗಿದ್ರ ದನ ಕರ ಮ್ಯಾಲೆ ಹೊಡೀರಿ."

ಬೈದವರು ಇದ್ದರು. ಫೋನು ಇಟ್ಟವರು ಇದ್ದರು. ಹೋಗಿ ನೋಡಿ ಬಂದು, ತಾವೇ ಮರಳಿ ಫೋನು ಮಾಡಿದವರೂ ಇದ್ದರು. ಫೋನಿನ ಜೀವ ಹೋಗುವವರೆಗೂ ಅವನು ಅಲ್ಲೇ ನಿಂತಿದ್ದ. ಅದನ್ನು ಒಗೆಯುವ ಮಾತು ಮತ್ತೆ ಆಡಲಿಲ್ಲ.

ಮರುದಿನ ಬೆಳಿಗ್ಗೆ ಹೊಳೆ ಇನ್ನೂ ಕೆಂಪಗೆ ಓಡುತ್ತಿತ್ತು. ಯಲ್ಲಮಂದನಿಗೆ ಜ್ವರ ಬಂದಿತ್ತು. ಬಾತುಕೋಳಿಗಳ ಮಾತು ಯಾರೂ ಎತ್ತಿರಲಿಲ್ಲ.

ಫೋನು ನಡುಗಿತು.

ಕೆಳಗಿನ ಊರೊಂದರಿಂದ ಬಂದದ್ದು. ಬಾತುಕೋಳಿಗಳ ಒಂದು ಗುಂಪು ಕೆರೆಯ ಹಿನ್ನೀರಿಗೆ ಬಂದು ಸೇರಿದೆಯಂತೆ. ಜೊತೆಗೊಂದು ಫೋಟೋ. ಜೊಂಡು ಹುಲ್ಲು, ಕೆಂಪು ನೀರು, ದೂರದಲ್ಲಿ ಬಿಳಿ ಚುಕ್ಕೆಗಳು.

ಪಂಪಣ್ಣ ಅದನ್ನು ಯಲ್ಲಮಂದನಿಗೂ ನರಸಮ್ಮನಿಗೂ ತೋರಿಸಿದ. ತೋರಿಸಿ, ತಾನು ಮತ್ತೆ ನೋಡಿದ. ಹಿಗ್ಗಿಸಿದ. ಅಂತರ್ಜಾಲದಲ್ಲಿ ಹುಡುಕಿದ. ಏನೂ ಸಿಗಲಿಲ್ಲ. ಕಳಿಸಿದವರಿಗೆ ಫೋನು ಮಾಡಿದ. ಅವರಿಗೆ ಅದನ್ನು ಬೇರೆ ಯಾರೋ ಕಳಿಸಿದ್ದರಂತೆ.

ಅವನು ಅಜ್ಜನ ಬಳಿ ಬಂದು ಕೂತ. ಕಣ್ಣು ಫೋಟೋದ ಮೇಲೇ ಇತ್ತು.

"ಅಜ್ಜಾರ, ಇದು ಹಳೇದೂ ಇರಬಹುದು, ಹೊಸದೂ ಇರಬಹುದು. ಇವರ ಬಾತುಕೋಳಿನೇ ಇರಬಹುದು, ಬ್ಯಾರೆಯವರದೂ ಇರಬಹುದು. ಆಸೆ ಹುಟ್ಟಿಸಿದ್ರ ತಪ್ಪಾಗತೈತಿ. ಸುಳ್ಳು ಅಂದ್ರೂ ತಪ್ಪಾಗತೈತಿ. ಹೆಂಗ ತಿಳಕೊಳ್ಳಲಿ?"

ಅಜ್ಜ ಗೇಟಿನ ಕಡೆ ನೋಡುತ್ತಿದ್ದರು.

"ನರಸಮ್ಮ ಆಗಲೇ ಆ ಊರಿನ ದಾರಿ ಹಿಡದಾಳ," ಅಂದರು. "ನೀ ಇನ್ನೂ ಬರಿಗಾಲಾಗ ಕುಂತೀಯಲ್ಲೋ, ನನ್ನ ಚಪ್ಪಲಿ ಹಾಕ್ಕೊಂಡು ಹೋಗು."